ಪರವಾಗಿಲ್ಲ ಎಂದರೆ ನಾಲ್ಕು

ಎರಡನೆಯ ಮಹಡಿಯ ತಿರುವಿನಲ್ಲಿ ಮೇಡಂ ನಿಂತು, ಗೋಡೆಗೆ ಕೈಯೂರಿ, ಚೀಲದಿಂದ ನೀರಿನ ಬಾಟಲಿ ತೆಗೆದಾಗ ಅವನಿಗೆ ಒಳಗೊಳಗೇ ಖುಷಿಯಾಯಿತು. ಖುಷಿಯಾದದ್ದು ಗೊತ್ತಾದ ಕೂಡಲೇ ನಾಚಿಕೆಯೂ ಆಯಿತು. ಇನ್ನೂ ಎರಡು ಮಹಡಿ ಹತ್ತಬೇಕು. ಮೇಡಂಗೆ ಮಂಡಿನೋವು. ಇದೊಂದು ಮನೆ ನೀವೇ ಮುಗಿಸಿಕೊಂಡು ಬಂದುಬಿಡಿ ಎಂದು ಅವರು ಹೇಳಿಬಿಟ್ಟರೆ ಎಲ್ಲ ಸಲೀಸು. ಒಬ್ಬನೇ ಹತ್ತುವುದು, ಅಕ್ಕನ ಮನೆಯಲ್ಲಿ ಅರ್ಧ ಗಂಟೆ ಕೂತು ಟೀ ಕುಡಿಯುವುದು, ಹೋದ ಸಲದ ಅಂಕಿಗಳನ್ನೇ ಹೊಸ ಹಾಳೆಗೆ ಇಳಿಸಿಕೊಂಡು ಕೆಳಗೆ ಬರುವುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆದರೆ ಮೇಡಂ ನೀರು ಕುಡಿದು, ಮುಚ್ಚಳ ತಿರುಗಿಸಿ, ಪಕ್ಕದಲ್ಲಿದ್ದ ಲಿಫ್ಟಿನ ಬಾಗಿಲನ್ನು ನೋಡತೊಡಗಿದರು. ಬಾಗಿಲಿಗೆ ಅಡ್ಡವಾಗಿ ಯಾರೋ ಚಕ್ರವಿಲ್ಲದ ಸೈಕಲ್ಲು, ಖಾಲಿ ಬಣ್ಣದ ಡಬ್ಬ, ಒಡೆದ ಬಕೆಟ್ಟು ಇಟ್ಟಿದ್ದರು. ಮೇಲೆ ಅಂಟಿಸಿದ್ದ ಕಾಗದದಲ್ಲಿ 'ಲಿಫ್ಟ್ ದುರಸ್ತಿಯಲ್ಲಿದೆ, ದಯವಿಟ್ಟು ಸಹಕರಿಸಿ' ಎಂದಿತ್ತು. ಹದಿನೆಂಟು ತಿಂಗಳ ಹಿಂದೆ ಅದನ್ನು ಟೈಪು ಮಾಡಿದವನು ಅವನೇ. ಬಿಸಿಲು ಬೀಳದ ಜಾಗವಾದ್ದರಿಂದ ಅಕ್ಷರಗಳು ಇನ್ನೂ ಮಾಸಿರಲಿಲ್ಲ.

"ಹೋದ ಸಲವೂ ಹೀಗೇ ಇತ್ತಲ್ಲ. ಇದು ಕೆಟ್ಟು ಎಷ್ಟು ದಿನ ಆಯ್ತು?" ಎಂದರು ಮೇಡಂ.

"ಸ್ವಲ್ಪ ದಿನ ಆಯ್ತು ಮೇಡಂ."

"ಆದ್ರೂ ಜನ ನಾಲ್ಕು ಕೊಟ್ಟಿದಾರಲ್ಲ! ಇಷ್ಟು ಹತ್ತಿ ಇಳಿದೂ ನಾಲ್ಕು ಕೊಡಬೇಕು ಅಂದ್ರೆ ಒಳ್ಳೇ ಜನ ಬಿಡಿ," ಎಂದು ಮೇಡಂ ಮತ್ತೆ ಕಂಬಿ ಹಿಡಿದರು. ಅವನು ಹಿಂದೆ ಹಿಂದೆ ಹತ್ತಿದ.

ಒಳ್ಳೇ ಜನ ಎಂಬ ಮಾತು ಅವನ ಬೆನ್ನಿಗೆ ಅಂಟಿಕೊಂಡು ಬಂತು. ವಸತಿ ಮಂಡಳಿಯಲ್ಲಿ ಅವನು ಗುಮಾಸ್ತ. ಬಡವರಿಗೆ ಮಂಡಳಿ ಬಾಡಿಗೆಗೆ ಕೊಟ್ಟ ಮನೆಗಳ ವಿಭಾಗದಲ್ಲಿ ಹದಿನೇಳು ವರ್ಷದಿಂದ ಕಡತ ಹೊತ್ತವನು. ಮೇಡಂ ಆ ವಿಭಾಗಕ್ಕೆ ಹೊಸದಾಗಿ ಬಂದ ಅಧಿಕಾರಿ. ಬಂದ ವಾರವೇ ಎಲ್ಲರನ್ನೂ ಕೂರಿಸಿ, ಅಳೆಯದೆ ಏನನ್ನೂ ಸುಧಾರಿಸೋಕಾಗಲ್ಲ ಎಂದಿದ್ದರು. ಅದನ್ನು ನಂಬಿಯೇ ಹೇಳಿದ್ದರು. ಬಾಯಿಮಾತಿಗೆ ಹೇಳುವ ಹೆಂಗಸಲ್ಲ. ಹದಿನಾಲ್ಕು ಪ್ರಶ್ನೆಯ ಒಂದು ಹಾಳೆ ತಯಾರಾಯಿತು. ನೀರು ಸರಿಯಾಗಿ ಬರುತ್ತದೆಯೇ, ಮೆಟ್ಟಿಲ ದೀಪ ಉರಿಯುತ್ತದೆಯೇ, ದೂರು ಕೊಟ್ಟರೆ ಯಾರಾದರೂ ಬಂದು ನೋಡುತ್ತಾರೆಯೇ. ಒಂದೊಂದಕ್ಕೂ ಐದು ಅಂಕಿ. ಒಂದು ಎಂದರೆ ತುಂಬಾ ಅತೃಪ್ತಿ, ಐದು ಎಂದರೆ ತುಂಬಾ ತೃಪ್ತಿ, ನಡುವಿನ ಮೂರು ಎಂದರೆ ಅತ್ತ ತೃಪ್ತಿಯೂ ಅಲ್ಲ, ಇತ್ತ ಅತೃಪ್ತಿಯೂ ಅಲ್ಲ. ಆ ಹಾಳೆಯ ಮಾದರಿಯನ್ನು ಒಂದು ಭಾನುವಾರ ಅವನು ಭಾವನಿಗೆ ತೋರಿಸಿದ್ದ. ಭಾವ ಮೂರರ ಮೇಲೆ ಬೆರಳಿಟ್ಟು, "ಇದು ಸತ್ತವರಿಗಾ?" ಎಂದು ಕೇಳಿದ್ದ. ಅಕ್ಕನೂ ಸೇರಿ ಮೂವರೂ ನಕ್ಕಿದ್ದರು.

ನೂರಕ್ಕೆ ಅರವತ್ತಕ್ಕಿಂತ ಕಡಿಮೆ ತೃಪ್ತಿ ಬಂದ ಬ್ಲಾಕುಗಳ ಲಿಫ್ಟು, ಪೈಪು, ಗೋಡೆ ಈ ವರ್ಷವೇ ರಿಪೇರಿ. ಉಳಿದವು ಮುಂದೆ ನೋಡೋಣ. ಈ ಬ್ಲಾಕಿಗೆ ಮೇಡಂ ಬರುವ ಮುಂಚೆ, ಹಿಂದಿನ ವರ್ಷದ ಹಳೆಯ ಹಾಳೆಯಲ್ಲಿ ನಲವತ್ತೊಂದು ಬಂದಿತ್ತು, ಈ ಸಲ ಎಂಬತ್ತಮೂರು. ಪಟ್ಟಿಯಿಂದ ಹೆಸರು ಬಿದ್ದುಹೋಯಿತು. ಅಂಕಿ ಇಷ್ಟು ನೆಗೆದದ್ದಕ್ಕೆ ಮೇಲಿನವರು ಹುಬ್ಬೇರಿಸಿದ್ದರಿಂದ ಇಪ್ಪತ್ತು ಮನೆ ಆರಿಸಿ ಮತ್ತೆ ಕೇಳಿ ನೋಡಬೇಕೆಂದಾಯಿತು. ನಿನ್ನೆಯಿಂದ ಹತ್ತೊಂಬತ್ತು ಮುಗಿದಿವೆ. ಎಲ್ಲವೂ ತಾಳೆಯಾಗಿವೆ. ಇಪ್ಪತ್ತನೆಯದು ನಾಲ್ಕನೆಯ ಮಹಡಿಯ ಕೊನೆಯ ಮನೆ, ಅವನ ಅಕ್ಕನದು. ಅದೂ ತಾಳೆಯಾದರೆ ಸಂಜೆ ಮೇಡಂ ಸಹಿ ಹಾಕುತ್ತಾರೆ, ಲಿಫ್ಟು ಇನ್ನೂ ಎರಡು ವರ್ಷ ಹೀಗೇ ನಿಂತಿರುತ್ತದೆ. ಒಂದೇ ಒಂದು ಹಾಳೆ ಸುಳ್ಳೆಂದು ಕಂಡುಬಂದರೂ ಆ ಬ್ಲಾಕಿನ ಅಷ್ಟೂ ಹಾಳೆ ರದ್ದು, ಹಳೆಯ ಅಂಕಿಯೇ ಊರ್ಜಿತ, ನಿಯಮ ಹನ್ನೊಂದು. ಅದನ್ನು ಟೈಪು ಮಾಡಿದವನೂ ಅವನೇ. ಎಂದರೆ, ಅವನು ಬಾಯಿಬಿಟ್ಟು ಒಂದು ಮಾತು ಹೇಳಿದರೆ ಈ ಲಿಫ್ಟು ಸರಿಯಾಗುತ್ತದೆ ಎಂಬುದು ಅವನಿಗೆ ಮೂರು ತಿಂಗಳಿಂದ ಗೊತ್ತು. ಹೇಳಿದ ಮೇಲೆ ಅವನ ಗತಿ ಏನು ಎಂಬುದೂ ಗೊತ್ತು. ಮೂರು ತಿಂಗಳು ಊಟ ಮಾಡಿದ್ದಾನೆ, ನಿದ್ದೆ ಮಾಡಿದ್ದಾನೆ, ಮೀಸೆ ಟ್ರಿಮ್ ಮಾಡಿಸಿಕೊಂಡಿದ್ದಾನೆ.

ಪರವಾಗಿಲ್ಲ ಎಂದರೆ ಯಾವ ಅಂಕಿ ಎನ್ನುವುದು ಹಾಳೆ ಅಚ್ಚಾಗುವಾಗ ಯಾರಿಗೂ ಹೊಳೆದಿರಲಿಲ್ಲ. ಬಾಗಿಲು ತಟ್ಟಿ ಕೇಳತೊಡಗಿದ ಮೇಲೆ ನೋಡಿದರೆ ಅರ್ಧಕ್ಕರ್ಧ ಜನ ಅದನ್ನೇ ಹೇಳುತ್ತಿದ್ದರು. ನೀರು ಹೇಗೆ ಬರುತ್ತೆ? ಪರವಾಗಿಲ್ಲ. ಗೋಡೆಯ ತೇವ? ಪರವಾಗಿಲ್ಲ ಬಿಡಿ. ಈಗ ಅದು ನಾಲ್ಕು. ಆಫೀಸಿನ ಕ್ಯಾಂಟೀನಿನಲ್ಲಿ ಅದೊಂದು ತಮಾಷೆಯಾಗಿಬಿಟ್ಟಿದೆ. ಟೀ ಹೇಗಿದೆಯಪ್ಪಾ ಎಂದು ಒಬ್ಬ ಕೇಳುವುದು, ಪರವಾಗಿಲ್ಲ ಎಂದು ಇನ್ನೊಬ್ಬ ಹೇಳುವುದು, ಹಾಗಾದ್ರೆ ನಾಲ್ಕು ಬರ್ಕೊಳ್ಳಿ ಎಂದು ಎಲ್ಲರೂ ಅವನ ಕಡೆ ತಿರುಗಿ ನಗುವುದು. ಅವನಿಗೆ 'ನಾಲ್ಕಣ್ಣ' ಎಂದು ಹೆಸರೂ ಬಿತ್ತು. ನಕ್ಕು ಸುಮ್ಮನಾದ. ಆದರೆ ಆ ಮಾತು ಅವನ ಕಿವಿಯನ್ನು ಕೆಡಿಸಿಬಿಟ್ಟಿತು. ಬಸ್ಸಿನಲ್ಲಿ ಒಬ್ಬ ಮುದುಕರ ಕಾಲು ತುಳಿದು ಕ್ಷಮಿಸಿ ಎಂದರೆ ಅವರು ಮುಖ ಕಿವಿಚಿಕೊಂಡು ಪರವಾಗಿಲ್ಲ ಎಂದರು. ಕಾಲು ತುಳಿಸಿಕೊಂಡು ಯಾರಾದರೂ ತೃಪ್ತರಾಗುತ್ತಾರೆಯೇ? ಹೆಂಡತಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆಂದು ಹೇಳಿ ಮರೆತು ಬಂದ ದಿನ ಅವಳು ಪಾತ್ರೆ ತೊಳೆಯುತ್ತ, ತಿರುಗಿ ಕೂಡ ನೋಡದೆ, "ಪರವಾಗಿಲ್ಲ ಬಿಡಿ" ಎಂದಳು. ಎಷ್ಟು ವರ್ಷದಿಂದ ಹೇಳುತ್ತಿದ್ದಾಳೆ! ಅಷ್ಟನ್ನೂ ಕೂಡಿಸಿದರೆ ಅವನ ಸಂಸಾರಕ್ಕೆ ನೂರಕ್ಕೆ ತೊಂಬತ್ತು ಬರಬಹುದು.

ಮೂರನೆಯ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ದರ್ಜಿ ಹೆಂಗಸು ಅವನನ್ನು ನೋಡಿ ಬಾಯಲ್ಲಿದ್ದ ಕ್ಲಿಪ್ಪು ತೆಗೆದಳು. ಭಾನುವಾರಗಳಲ್ಲಿ ಎಷ್ಟೋ ಸಲ ಇದೇ ಮೆಟ್ಟಿಲಲ್ಲಿ ಅವಳಿಗೆ ಎದುರಾಗಿದ್ದಾನೆ. ಅವನ ಪ್ಯಾಂಟಿನ ಅಂಚು ಒಮ್ಮೆ ಬಿಡಿಸಿ ಹೊಲಿದು ಕೊಟ್ಟವಳೂ ಅವಳೇ.

"ಅಕ್ಕನ ಮನೆಗಾ? ಇದಾರೆ, ಹೋಗಿ," ಎಂದಳು ದರ್ಜಿ.

ಆಯಿತು, ಮುಗಿಯಿತು ಎಂದುಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತೆ ಅವನ ಕೈ ತಾನಾಗಿ ಶರ್ಟಿನ ಕಾಲರಿಗೆ ಹೋಯಿತು. ಮೇಡಂ ಮಾತ್ರ ನಗುತ್ತ, "ಎಲ್ಲರಿಗೂ ಬೇಕಾದವರಾಗಿಬಿಟ್ಟಿದೀರಿ ನೀವು," ಎಂದು ಮುಂದೆ ನಡೆದರು. ಅಕ್ಕ ಎಂದರೆ ಯಾರ ಅಕ್ಕ! ತರಕಾರಿಯವಳೂ ಅಕ್ಕ, ಕಸ ಗುಡಿಸುವವಳೂ ಅಕ್ಕ, ಬಸ್ಸಿನಲ್ಲಿ ಸ್ವಲ್ಪ ಸರೀರಿ ಎನ್ನುವಾಗ ಪಕ್ಕದವಳೂ ಅಕ್ಕ. ಅವನಿಗೆ ಬಚಾವಾದೆ ಎನ್ನಿಸಿತು. ಆ ಬಚಾವಾದ ಸುಖ ಅರ್ಧ ಮಹಡಿಯವರೆಗೂ ಇತ್ತು, ಆಮೇಲೆ ಬಾಯೆಲ್ಲ ಕಹಿಯಾಯಿತು.

ಮೂರು ತಿಂಗಳ ಹಿಂದೆ ಮೊದಲ ಸಲ ಕೇಳಲು ಬಂದಾಗಲೂ ಹೀಗೇ ಮೇಡಂ ಮುಂದೆ, ಅವನು ಹಿಂದೆ. ಬ್ಲಾಕುಗಳನ್ನು ಹಂಚಿದಾಗ ಇದು ಅವನ ಪಾಲಿಗೆ ಬಂದಿತ್ತು. ಬಂಧುಗಳಿರುವ ಬ್ಲಾಕಾದರೆ ಒಂದು ಚೀಟಿ ಬರೆದು ಕೊಟ್ಟರೆ ಸಾಕು, ಬದಲಾಯಿಸುತ್ತಾರೆ. ಅವನು ಬರೆದ. 'ನನ್ನ ಸ್ವಂತ ಅಕ್ಕ ಈ ಬ್ಲಾಕಿನಲ್ಲಿ ವಾಸವಾಗಿರುವುದರಿಂದ' ಎಂಬಲ್ಲಿಗೆ ಪೆನ್ನು ನಿಂತಿತು. ಹಿಂದಿನ ದಿನವಷ್ಟೇ ಕ್ಯಾಂಟೀನಿನಲ್ಲಿ ಯಾರೋ ಬೋರ್ಡ್ ಮನೆಯವರ ಬಗ್ಗೆ, ಅವರಿಗೆ ಅರಮನೆ ಕೊಟ್ಟರೂ ಬಾಲ್ಕನಿಯಲ್ಲಿ ಕೋಳಿ ಕಟ್ಟುತ್ತಾರೆ ಎಂದು ಹೇಳಿದ್ದಕ್ಕೆ ಎಲ್ಲರಿಗಿಂತ ಜೋರಾಗಿ ನಕ್ಕವನು ಅವನು. ಮೇಡಂ ನಕ್ಕಿರಲಿಲ್ಲ. ಚೀಟಿಯನ್ನು ಎಂಟು ಚೂರು ಮಾಡಿ, ಬುಟ್ಟಿಗೆ ಹಾಕಿದರೆ ಯಾರಾದರೂ ಜೋಡಿಸಿ ಓದಿಯಾರು ಎಂದು ಜೇಬಿನಲ್ಲಿಟ್ಟುಕೊಂಡು, ಮನೆಗೆ ಹೋಗುವ ದಾರಿಯಲ್ಲಿ ಮೋರಿಗೆ ಎಸೆದ. ನಾಳೆ ಆ ಮನೆಯ ಸರದಿ ಬಂದಾಗ ಅಕ್ಕ ಕೆಲಸಕ್ಕೆ ಹೋಗಿರುತ್ತಾಳೆ, ಬೀಗ ಹಾಕಿದೆ ಎಂದು ಬರೆದರಾಯಿತು ಎಂದುಕೊಂಡಿದ್ದ. ಭಾವ ಮನೆ ಬಿಟ್ಟು ಎಲ್ಲಿಗೂ ಹೋಗಲಾರ, ಬೀಗ ಹೇಗೆ ಬೀಳುತ್ತದೆ ಎಂಬುದೇ ಅವನ ತಲೆಗೆ ಬರಲಿಲ್ಲ. ಅಷ್ಟರ ಮಟ್ಟಿಗೆ ಮರೆತಿದ್ದ.

ಆ ದಿನ ಅಕ್ಕನೇ ಬಾಗಿಲು ತೆರೆದಳು. ಅವಳ ಮುಖ ಅರಳಿ, "ಬಾ" ಎನ್ನಲು ತುಟಿ ಎರಡೂ ಸೇರಿದ್ದನ್ನು ಅವನು ನೋಡಿದ. ಆ ಅಕ್ಷರ ಹೊರಗೆ ಬೀಳುವ ಮೊದಲೇ ಅವನು, "ನಮಸ್ಕಾರ ಅಮ್ಮಾ, ನಾವು ವಸತಿ ಮಂಡಳಿಯಿಂದ ಬಂದಿದೀವಿ, ನೀವೇ ಅಲ್ವಾ ಈ ಮನೆಯವರು?" ಎಂದ. ನೀವು! ಅವಳನ್ನು ಬಹುವಚನದಲ್ಲಿ ಕರೆದದ್ದು ಹುಟ್ಟಿದ ಮೇಲೆ ಅದೇ ಮೊದಲು. ಅಕ್ಕ ಒಮ್ಮೆ ಮೇಡಂ ಮುಖ ನೋಡಿದಳು, ಒಮ್ಮೆ ಅವನ ಕೈಯಲ್ಲಿದ್ದ ಹಾಳೆ ನೋಡಿದಳು. ಎರಡು ಕ್ಷಣ ಕೂಡ ಹಿಡಿಯಲಿಲ್ಲ. ಆ 'ಬಾ' ಎನ್ನುವುದು ಅವಳ ಬಾಯಲ್ಲೇ 'ಬನ್ನಿ ಸಾರ್' ಆಯಿತು. ಹಿಂದಿನ ಭಾನುವಾರ ಅವನು ಕಾಲು ಮೇಲೆ ಹಾಕಿಕೊಂಡು ಕೂತಿದ್ದ ಕುರ್ಚಿಯನ್ನೇ ಸೆರಗಿನಿಂದ ಒರೆಸಿ ಮುಂದೆ ತಳ್ಳಿದಳು. ಒಳಕೋಣೆಯ ಪರದೆ ಎಳೆದಳು. ಪರದೆಯ ಹಿಂದೆ ಭಾವ ಕೆಮ್ಮಲೂ ಇಲ್ಲ.

ಅವನು ಹಾಳೆಯ ತಲೆಯಲ್ಲಿದ್ದ 'ಉತ್ತರ ಕೊಟ್ಟವರಿಗೂ ಕೇಳಿದವರಿಗೂ ಸಂಬಂಧ' ಎಂಬುದರ ಮುಂದೆ 'ಇಲ್ಲ' ಎಂದು ಗುರುತು ಹಾಕಿ ಪ್ರಶ್ನೆ ಓದತೊಡಗಿದ. ಚಿಕ್ಕಂದಿನಲ್ಲಿ ಸ್ಕೂಲಿನಿಂದ ಬಂದ ಮೇಲೆ ಮನೆಯ ಮೆಟ್ಟಿಲ ಮೇಲೆ ಕೂರಿಸಿಕೊಂಡು ಅವಳು ಪಾಠ ಓದಿಸುತ್ತಿದ್ದಳು. ಅವಳು ಎರಡನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ಅವನು ಓದುವುದು ಸರಿಯೋ ತಪ್ಪೋ ಅವಳಿಗೆ ತಿಳಿಯುವಂತಿರಲಿಲ್ಲ. ಆದರೂ ತಪ್ಪಿದ ಕಡೆಯೇ ಸರಿಯಾಗಿ ತಡೆದು ಮತ್ತೆ ಓದು ಎನ್ನುತ್ತಿದ್ದಳು. ಹೇಗೆ ಗೊತ್ತಾಗುತ್ತೆ ನಿಂಗೆ ಎಂದು ಒಮ್ಮೆ ಕೇಳಿದ್ದಕ್ಕೆ, "ತಪ್ಪು ಓದುವಾಗ ನಿನ್ನ ದನಿ ಇಳಿಯುತ್ತೆ ಕಣೋ" ಎಂದಿದ್ದಳು. ಆರು ಪ್ರಶ್ನೆ ಸಲೀಸಾಗಿ ಹೋದವು. ಏಳನೆಯದು ಲಿಫ್ಟು. 'ಕಟ್ಟಡದ ಲಿಫ್ಟಿನ ನಿರ್ವಹಣೆಯ ಬಗ್ಗೆ ನಿಮಗೆ ಎಷ್ಟು ತೃಪ್ತಿ ಇದೆ' ಎಂದು ಓದಬೇಕು. ಪರದೆಯ ಕೆಳಗೆ ಭಾವನ ಕಾಲು ಕಾಣುತ್ತಿತ್ತು, ಎಡಗಾಲು, ಚಪ್ಪಲಿ ಇಲ್ಲದ್ದು. ಮೂವತ್ತು ವರ್ಷ ಅಂಚೆ ಹಂಚಿದ ಕಾಲು ಅದು. ಊರಿನ ಯಾವ ಬೀದಿಯಲ್ಲಿ ಯಾವ ನಾಯಿ ಕಚ್ಚುತ್ತದೆ ಎಂದು ತಿಳಿದಿದ್ದ ಕಾಲು. ಲಕ್ವ ಹೊಡೆದ ಮೇಲೆ ಎರಡು ಸಲ ಅವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಕೆಳಗಿಳಿಸಿದ್ದರು. ತಿರುವಿನಲ್ಲಿ ಕುರ್ಚಿ ಗೋಡೆಗೆ ಉಜ್ಜಿ ಮೊಣಕೈ ತರಚಿತ್ತು. ಆಮೇಲೆ ಭಾವ ಬರಲೊಲ್ಲೆನೆಂದ. ಹೆಗಲು ಕೊಡೋರು ಹೇಗಿದ್ದರೂ ಒಂದಿನ ಬರ್ತಾರೆ, ಈಗಲೇ ಯಾಕೆ ರಿಹರ್ಸಲ್ಲು ಎಂದು. 'ಕಟ್ಟಡದ ಲಿಫ್ಟಿನ ನಿರ್ವಹಣೆಯ ಬಗ್ಗೆ ನಿಮಗೆ' ಎಂಬಲ್ಲಿಗೆ ಅವನ ದನಿ ಇಳಿಯಿತು. ಮುಂದಿನ ಶಬ್ದ ಬರಲಿಲ್ಲ. ತಲೆಯೆತ್ತಿದ. ಅಕ್ಕ ಅವನನ್ನೇ ನೋಡುತ್ತಿದ್ದಳು.

"ಪರವಾಗಿಲ್ಲ ಸಾರ್," ಎಂದಳು ಮೆಲ್ಲಗೆ.

ಮೇಡಂ ಹಾಳೆಯತ್ತ ಬಗ್ಗಿ, "ಪರವಾಗಿಲ್ಲ ಅಂದ್ರೆ ತೃಪ್ತಿ ಅಂತಾನೇ ಅಲ್ವಾ? ನಾಲ್ಕು ತಾನೇ?" ಎಂದು ಅವನನ್ನು ಕೇಳಿದರು. ಆ ಮನೆಯಿಂದ ಹೊರಗೆ ಬಿದ್ದರೆ ಸಾಕಾಗಿತ್ತು ಅವನಿಗೆ. "ಹೌದು ಮೇಡಂ, ನಾಲ್ಕು," ಎಂದ. ಮಾರನೆಯ ದಿನ ಮೇಡಂ ಅದನ್ನು ಸುತ್ತೋಲೆ ಮಾಡಿ ಹೊರಡಿಸಿದರು; ಪರವಾಗಿಲ್ಲ ಎಂಬ ಉತ್ತರಕ್ಕೆ ಎಲ್ಲ ಕಡೆ ಒಂದೇ ರೀತಿ ನಾಲ್ಕು ಹಾಕತಕ್ಕದ್ದು. ನಾಲ್ಕುನೂರ ಹನ್ನೆರಡು ಮನೆಯ ಹಾಳೆಗಳು ಹಾಗೆ ತೃಪ್ತವಾದವು.

ಆಮೇಲೆ ಅವನು ಭಾನುವಾರ ಅಲ್ಲಿಗೆ ಹೋಗುವುದನ್ನು ಬಿಟ್ಟ. ತಲೆನೋವು, ಮಕ್ಕಳ ಪರೀಕ್ಷೆ, ನೆಂಟರು, ನೆವಕ್ಕೇನು ಬರ. ಅಕ್ಕ ಫೋನು ಮಾಡಿದರೆ ಆ ವಿಷಯ ಎತ್ತಲಿಲ್ಲ, ಎತ್ತಿದ್ದರೆ ಒಳ್ಳೆಯದಿತ್ತು. ಬೈದಿದ್ದರೆ ಕಾಲು ಹಿಡಿಯಬಹುದಿತ್ತು. ಅವಳು ಬೈಯುವ ಪೈಕಿಯಲ್ಲ. ಈ ಕೆಲಸದ ಇಂಟರ್‌ವ್ಯೂ ದಿನ ಆಫೀಸಿನ ಗೇಟಿನವರೆಗೆ ಅವನ ಜೊತೆ ನಡೆದು ಬಂದಿದ್ದಳು, ಪಿನ್ನು ಚುಚ್ಚಿದ ಚಪ್ಪಲಿಯಲ್ಲಿ. ಅವಳೇ ಹೊಲಿದ ಶರ್ಟು ಅವನ ಮೈಮೇಲಿತ್ತು. ಜೊತೆಗೆ ಬಂದಿದ್ದ ಇನ್ನೊಬ್ಬ ಹುಡುಗ ಯಾರದು ಎಂದು ಕೇಳಿದಾಗ ಅವನು, ಚಪ್ಪಲಿಯ ಕಡೆ ನೋಡಿ, "ನಮ್ಮ ಮನೆ ಕಡೆಯವರು" ಎಂದುಬಿಟ್ಟಿದ್ದ. ಅವಳಿಗೆ ಕೇಳಿಸಿತ್ತು. ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಅವನು ಮಾತಾಡದಿದ್ದುದನ್ನು ನೋಡಿ, "ಅಯ್ಯೋ ಪರವಾಗಿಲ್ಲ ಬಿಡೋ, ನಾನು ನಿನ್ನ ಕಡೆಯವಳೇ ತಾನೇ," ಎಂದು ಅವನ ಬೆನ್ನಿಗೊಂದು ಗುದ್ದಿದ್ದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಅವನ ಮಾನ ಎಷ್ಟೋ ಸಲ ಹೋಗಿತ್ತು, ಪ್ರತಿ ಸಲ ಅವಳು ಬಗ್ಗಿ ಎತ್ತಿಕೊಟ್ಟಿದ್ದಳು. ಅದಕ್ಕೇ ಅವನಿಗೆ ಅದು ಹೋದದ್ದೇ ಗೊತ್ತಾಗದೆ ಇಷ್ಟು ವರ್ಷ ನಡೆದಿತ್ತು.

ನಾಲ್ಕನೆಯ ಮಹಡಿ ಬಂತು. ಮೇಡಂ ಉಸಿರು ಸರಿಮಾಡಿಕೊಳ್ಳುತ್ತ ಕಣ್ಣಿನಲ್ಲೇ ಬಾಗಿಲು ತಟ್ಟಿ ಎಂದರು. ಅವನು ತಟ್ಟಿದ. ಭಾನುವಾರ ತಟ್ಟುವ ಹಾಗೆ ಎರಡು ಸಲ ಮೆಲ್ಲಗೆ, ಒಂದು ಸಲ ಜೋರಾಗಿ ತಟ್ಟಿಬಿಟ್ಟಿದ್ದು ಆಮೇಲೆ ತಿಳಿಯಿತು.

"ಯಾರು, ಸಾಹೇಬ್ರಾ?" ಎಂದಿತು ಒಳಗಿಂದ ಭಾವನ ದನಿ, ಮುಂಚಿನಷ್ಟು ಸ್ಪಷ್ಟವಿಲ್ಲದೆ. ಕೆಲಸ ಸಿಕ್ಕಿದ ದಿನದಿಂದ ಭಾವ ಅವನನ್ನು ಚುಡಾಯಿಸಲು ಇಟ್ಟ ಹೆಸರು ಅದು. ಮೇಡಂ, "ಹೌದು, ಮಂಡಳಿಯಿಂದ," ಎಂದು ಉತ್ತರ ಕೊಟ್ಟರು. ಒಳಗೆ ದನಿ ಅಲ್ಲಿಗೇ ನಿಂತಿತು.

ಅಕ್ಕ ಬಾಗಿಲು ತೆರೆದಳು. ಈ ಸಲ ಮುಖ ಅರಳಲಿಲ್ಲ, ತುಟಿ ಸೇರಲಿಲ್ಲ. ಅವಳು ಪಾಠ ಕಲಿತಿದ್ದಳು. "ಬನ್ನಿ ಸಾರ್, ಬನ್ನಿ ಮೇಡಂ," ಎಂದು ನೆಟ್ಟಗೆ ಹೇಳಿ ಕುರ್ಚಿ ಒರೆಸಿದಳು. ಎರಡು ಲೋಟ ನೀರು ತಂದು ಮೊದಲು ಮೇಡಂಗೆ, ಆಮೇಲೆ ಅವನಿಗೆ ಕೊಟ್ಟಳು. ಲೋಟದ ಕಂಠದಲ್ಲಿ ಒಂದು ತಗ್ಗಿತ್ತು. ಅದು ಅವನು ಯಾವಾಗಲೂ ಕುಡಿಯುವ ಲೋಟ. ಬೇಕೆಂದೇ ಕೊಟ್ಟಳೋ, ಕೈ ತಾನಾಗಿ ಅದಕ್ಕೆ ಹೋಯಿತೋ. ಅವನು ಕುಡಿಯದೆ ಹಿಡಿದುಕೊಂಡೇ ಕೂತ. ಮೇಡಂ ಕೋಣೆಯನ್ನೆಲ್ಲ ಕಣ್ಣಾಡಿಸಿ, ಮೂಲೆಯಲ್ಲಿದ್ದ ಊರುಗೋಲು ನೋಡಿ, ಪರದೆ ನೋಡಿ, "ಯಾರಾದ್ರೂ ಕಾಯಿಲೆಯವರಿದಾರಾ ಮನೆಯಲ್ಲಿ?" ಎಂದು ಕೇಳಿದರು.

"ಯಜಮಾನ್ರು ಮೇಡಂ. ಮಲಗಿದಾರೆ."

"ಓ. ಮತ್ತೆ ಆಸ್ಪತ್ರೆಗೆಲ್ಲ..." ಎಂದ ಮೇಡಂ ಮಾತು ಅರ್ಧಕ್ಕೆ ನಿಲ್ಲಿಸಿ, ತಾವು ಹತ್ತಿಬಂದ ಮೆಟ್ಟಿಲಿನ ಕಡೆ ತಿರುಗಿ ನೋಡಿದರು. ಹಣೆಯಲ್ಲಿ ಗೆರೆ ಮೂಡಿತು. ಹೋದ ಸಲದ ಹಾಳೆ ತೆಗೆದು ಏಳನೆಯ ಸಾಲಿನ ಮೇಲೆ ಬೆರಳಿಟ್ಟರು. "ನೀವು ಲಿಫ್ಟಿಗೆ ನಾಲ್ಕು ಕೊಟ್ಟಿದೀರಲ್ಲಮ್ಮಾ?"

ಅಕ್ಕ ಅವನತ್ತ ನೋಡಲಿಲ್ಲ. ಲೋಟದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಅವನಿಗೆ ಗೊತ್ತು, ಇನ್ನೊಂದು ಕ್ಷಣ ಸುಮ್ಮನಿದ್ದರೆ ಅವಳೇ ದಾರಿ ಮಾಡಿಕೊಡುತ್ತಾಳೆ. ಹೌದು ಮೇಡಂ ನಾನೇ ಹೇಳಿದ್ದು ಎನ್ನುತ್ತಾಳೆ. ಒಂದು ಸಹಿ ಹಾಕುತ್ತಾಳೆ. ಅವನು ಕಾದ. ಕಾಯುತ್ತಿದ್ದೇನೆಂದು ತಿಳಿದೂ ಕಾದ. ಮೂರು ತಿಂಗಳಲ್ಲಿ ಮಾಡಿದ ಎಲ್ಲಕ್ಕಿಂತ ಆ ಒಂದು ಕ್ಷಣ ಕಾದದ್ದೇ ಅವನಿಗೆ ಆಮೇಲೆ ಹೆಚ್ಚು ಹೇಸಿಗೆಯಾಗಿ ಉಳಿಯಿತು. ಅಕ್ಕ ಬಾಯಿ ತೆರೆದಳು.

"ಅಕ್ಕಾ," ಎಂದ ಅವನು.

ದನಿ ಇಳಿದು ಹೋಗಿತ್ತು. ಮೇಡಂ ಅವನ ಕಡೆ ಮೆಚ್ಚುಗೆಯಿಂದ ನೋಡಿದರು.

"ನೋಡಿ, ಹೀಗೆ ಮಾತಾಡಿಸಬೇಕು. ಅಮ್ಮಾ ಮೇಡಂ ಅನ್ನೋದಕ್ಕಿಂತ ಇದು ಎಷ್ಟೋ ಚೆನ್ನಾಗಿದೆ. ತರಬೇತಿಯಲ್ಲಿ ಹೇಳಬೇಕು ಇದನ್ನ."

ಅಕ್ಕನ ತುಟಿಯ ಕೊನೆಯಲ್ಲಿ ಏನೋ ಬಂದು ಹೋಯಿತು, ನಗುವೋ ಏನೋ. "ನಮ್ಮನ್ನೆಲ್ಲ ಅಕ್ಕಾ ಅಂತಲೇ ಕರೀತಾರೆ ಮೇಡಂ ಸಾಹೇಬ್ರು," ಎಂದಳು. ಇನ್ನೊಂದು ಸಲ ಎತ್ತಿಕೊಟ್ಟಿದ್ದಳು. ಇಷ್ಟು ವರ್ಷ ಉಳಿಸಿಟ್ಟುಕೊಂಡು ಕಷ್ಟಪಟ್ಟು ಹೊರಗೆ ತಂದ ಒಂದು ಮಾತು ಹೀಗೆ ಸೌಜನ್ಯವಾಗಿ ಮುಗಿದುಹೋಯಿತು. ಅವನಿಗೆ ಅಳುವೂ ನಗುವೂ ಒಟ್ಟಿಗೆ ಬಂತು. ಎದ್ದು ಹೋಗಬಹುದಿತ್ತು ಈಗ. ಬಾಗಿಲು ತೆರೆದೇ ಇತ್ತು, ಮೇಡಂ ಸಂತೋಷವಾಗಿದ್ದರು, ಅವನೂ ಒಂದು ಸಲ ಪ್ರಯತ್ನಪಟ್ಟಂತಾಗಿತ್ತು. ಅವನು ತಗ್ಗಿದ್ದ ಲೋಟದಿಂದ ನೀರು ಕುಡಿದು, ಖಾಲಿ ಲೋಟವನ್ನು ನೆಲದ ಮೇಲಿಟ್ಟ. ಹಾಳೆಯನ್ನು ತೊಡೆಯ ಮೇಲೆ ಹರಡಿಕೊಂಡ.

"ಅಕ್ಕಾ, ನೀನು ಹೇಳು. ಲಿಫ್ಟಿನ ಬಗ್ಗೆ ನಿಂಗೆ ತೃಪ್ತಿ ಇದೆಯೇನೇ?"

ಮೇಡಂ ತಟ್ಟನೆ ತಿರುಗಿದರು. "ಏನ್ರೀ ಇದು? ಏಕವಚನದಲ್ಲಿ ಮಾತಾಡ್ತಿದೀರಿ! ಅವರು ನಿಮಗಿಂತ ದೊಡ್ಡವರು."

"ಹೌದು ಮೇಡಂ. ಏಳು ವರ್ಷಕ್ಕೆ ದೊಡ್ಡವಳು."

ಪರದೆಯ ಹಿಂದೆ ಮಂಚ ಕಿರುಗುಟ್ಟಿತು. ಮೇಡಂ ಅವನ ಮುಖ ನೋಡಿದರು, ಅಕ್ಕನ ಮುಖ ನೋಡಿದರು, ಮತ್ತೆ ಅವನ ಮುಖ ನೋಡಿದರು. ಇಬ್ಬರ ಗಲ್ಲದಲ್ಲೂ ಇದ್ದ ಒಂದೇ ತರದ ಗುಳಿ ಆಗ ಅವರ ಕಣ್ಣಿಗೆ ಬಿದ್ದಿರಬೇಕು. ಹೋದ ಸಲದ ಹಾಳೆಯ ತಲೆಯ ಸಾಲನ್ನು ಓದಿಕೊಂಡರು. ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ಇವರು ನಿಮಗೆ ಏನಾಗಬೇಕು?" ಎಂದು ಅಕ್ಕನನ್ನು ಕೇಳಿದರು.

"ಅವನನ್ನೇ ಕೇಳಿ ಮೇಡಂ," ಎಂದಳು ಅಕ್ಕ.

"ತಮ್ಮ," ಎಂದ ಅವನು. "ನಾನು ಇವಳ ಸ್ವಂತ ತಮ್ಮ. ಸಂಬಂಧ ಇಲ್ಲ ಅಂತ ಬರೆದಿದ್ದು ನಾನೇ. ಹಾಳೆ ಸುಳ್ಳು ಮೇಡಂ."

ಹೇಳಿದ ಮೇಲೆ ನೆಲ ಬಿರಿಯಲಿಲ್ಲ, ಎದೆಯ ಭಾರವೂ ಇಳಿಯಲಿಲ್ಲ. ಬರೀ ಬೆವರು. ಅವನು ತಲೆಯೆತ್ತಿ ಅಕ್ಕನನ್ನು ನೋಡಿದ. ಈಗ ಪರವಾಗಿಲ್ಲ ಎನ್ನುತ್ತಾಳೆ ಎಂದುಕೊಂಡ. ನಲವತ್ತು ವರ್ಷದಿಂದ ಹೇಳುತ್ತ ಬಂದವಳು. ಹರಿದ ಪುಸ್ತಕಕ್ಕೆ ಹೇಳಿದವಳು, ಪಿನ್ನಿನ ಚಪ್ಪಲಿಗೆ ಹೇಳಿದವಳು. ಅವನ ಮುಖದಲ್ಲಿ ಆ ಆಸೆ ಎದ್ದು ಕಾಣುತ್ತಿತ್ತು.

"ಹೋದ ಸಲ ಪರವಾಗಿಲ್ಲ ಅಂದೆನಲ್ಲ, ಅದು ಲಿಫ್ಟಿಗೆ ಹೇಳಿದ್ದಲ್ಲ ಕಣೋ," ಎಂದಳು ಅಕ್ಕ. "ನಿನಗೆ ಹೇಳಿದ್ದು. ನಿನ್ನ ಮುಖ ನೋಡೋಕಾಗಲಿಲ್ಲ ಅವತ್ತು. ನೀನು ಅದನ್ನೂ ಬರ್ಕೊಂಡೆ."

"ಈ ಸಲ?" ಎಂದ. ಕೇಳಬಾರದಿತ್ತು. ಬಾಯಿಂದ ಬಂದುಬಿಟ್ಟಿತು, ಎಳೆ ಹುಡುಗನ ದನಿಯಲ್ಲಿ.

ಅಕ್ಕ ನೆಲದ ಮೇಲಿದ್ದ ಲೋಟವನ್ನು ಬಗ್ಗಿ ಎತ್ತಿಕೊಂಡಳು. ಅದರ ತಗ್ಗಿನ ಮೇಲೆ ಹೆಬ್ಬೆರಳು ಆಡಿಸಿದಳು.

"ಈ ಸಲ ಲಿಫ್ಟಿನ ಬಗ್ಗೆ ತಾನೇ ಕೇಳಿದ್ದು? ಅದನ್ನಷ್ಟೇ ಬರ್ಕೋ. ಒಂದು."

ಅವನು ಒಂದಕ್ಕೆ ಸುತ್ತು ಹಾಕಿದ. ಪರದೆಯ ಹಿಂದೆ ಭಾವ ಕೆಮ್ಮಿದ, ತುಂಬ ಹೊತ್ತು ಕೆಮ್ಮಿದ. ಮೇಡಂ ತಮ್ಮ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡು ಕೈಕಟ್ಟಿ ಕೂತರು. ಕೆಲಸ ಮುಗಿದವನ ಹಾಗೆ ಅವನು ಹಾಳೆ ಮಡಚಲು ಹೋದ.

"ಮುಂದೆ ಇನ್ನೂ ಏಳು ಇವೆಯಲ್ಲ," ಎಂದಳು ಅಕ್ಕ, ಅವನ ಎದುರಿಗೆ ಕೂರುತ್ತ. "ಎಂಟನೇದು ಓದು. ದನಿ ಇಳಿಸಬೇಡ."